ಜಂಘಾಬಲ: ಸ್ತ್ರೀ ಪುರುಷರ ನಡಿಗೆಯಲ್ಲಿ ಮೀನಖಂಡದ ವಿಚಾರ

ಧೈರ್ಯಗುಂದಿದವನನ್ನು ಕುರಿತು "ಅವನ ಜಂಘಾಬಲವೇ ಉಡುಗಿಹೋಯಿತು" ಎನ್ನುವ ವಾಡಿಕೆ ನಮ್ಮ ಭಾಷೆಯಲ್ಲಿ ಬೇರೂರಿದೆ. ಧೈರ್ಯವನ್ನು ಎದೆಗಾರಿಕೆಯೆಂದು ಕರೆದ ಕನ್ನಡವೇ ಆ ಧೈರ್ಯದ ನಾಶವನ್ನು ಕಾಲಿನಲ್ಲಿ ಗುರುತಿಸಿತೆಂಬುದು ವಿಚಾರಾರ್ಹವಾದುದು. ಎದೆ ಎಷ್ಟೇ ಗಟ್ಟಿಯಾಗಿರಲಿ, ಕಾಲು ನಿಲ್ಲದಿದ್ದರೆ ಮನುಷ್ಯನು ನಿಲ್ಲಲಾರ, ನಡೆಯಲಾರ, ಓಡಲಾರ. ಈ ನಿಲುವಿಗೂ ನಡೆಗೂ ಮುಖ್ಯಾಧಾರವಾದ ಅವಯವಗಳಲ್ಲಿ ಒಂದು, ಮೊಣಕಾಲಿನ ಕೆಳಗೆ ಹಿಂಬದಿಯಲ್ಲಿರುವ ಮೀನಖಂಡ.

ಆಟದ ಬಯಲಿನಲ್ಲಿ ಈ ಅವಯವವನ್ನು ಕುರಿತು ಎರಡು ಬಗೆಯ ಮಾತುಗಳು ಕೇಳಿಬರುತ್ತವೆ. "ಹೆಣ್ಣುಮಕ್ಕಳ ಕಾಲಿಗೆ ಇಷ್ಟು ಸಾಕು" ಎಂಬುದು ಒಂದು. "ಇಬ್ಬರ ಕಾಲೂ ಒಂದೇ, ಭೇದವೆಂಬುದೇ ಇಲ್ಲ" ಎಂಬುದು ಇನ್ನೊಂದು. ಮೊದಲನೆಯದು ಹಳಬರ ಮಾತು, ಎರಡನೆಯದು ಹೊಸಬರ ಮಾತು. ಪರಿಶೀಲಿಸಿ ನೋಡಿದರೆ ಎರಡೂ ಅರ್ಧಸತ್ಯಗಳೇ. ಸ್ತ್ರೀ ಪುರುಷರ ಮೀನಖಂಡಗಳಲ್ಲಿ ಭೇದವುಂಟು. ಆದರೆ ಆ ಭೇದವು ಮೇಲು ಕೀಳಿನ ಭೇದವಲ್ಲ, ಮತ್ತು ಅದರ ಬಹುಭಾಗವು ಹುಟ್ಟಿನಿಂದ ಬಂದುದಲ್ಲ, ಬದುಕಿನಿಂದ ಬಂದುದು. ಈ ಸಂಗತಿಯನ್ನು ಅಧ್ಯಾಪಕ ಬಂಧುಗಳ, ಹಳೆಯ ವಿದ್ಯಾರ್ಥಿಗಳ ಹಾಗೂ ವಿದ್ಯಾಭಿಮಾನಿಗಳ ಮುಂದೆ ಇರಿಸುವುದೇ ಈ ಲೇಖನದ ಉದ್ದೇಶ.

ಪದವಿಚಾರ

ಸಂಸ್ಕೃತದಲ್ಲಿ ಜಂಘೆಯೆಂದರೆ ಮೊಣಕಾಲಿಗೂ ಹರಡಿಗೂ ನಡುವಣ ಭಾಗ. ತೊಡೆಗೆ ಊರು ಎಂದು ಬೇರೆಯೇ ಹೆಸರುಂಟು. ಹಿಂದಿಯಲ್ಲಿ ಇದೇ ಶಬ್ದ ಜಾಂಘ್ ಎಂದಾಗಿ ತೊಡೆಯ ಅರ್ಥಕ್ಕೆ ಏರಿದುದರಿಂದ ನಮ್ಮವರಲ್ಲಿಯೂ ಕೆಲವರು ಜಂಘೆಯೆಂದರೆ ತೊಡೆಯೆಂದು ಭ್ರಮಿಸುವುದುಂಟು. ಅಮರಕೋಶವು ವೇಗವಾಗಿ ಓಡುವವನಿಗೆ ಜಂಘಾಲನೆಂದೂ, ಓಲೆ ಹೊತ್ತು ದೂರ ನಡೆಯುವ ದೂತನಿಗೆ ಜಾಂಘಿಕನೆಂದೂ ಹೆಸರು ಕೊಟ್ಟಿದೆ. ಓಟಗಾರನ ಹೆಸರು ತೊಡೆಯಿಂದ ಹುಟ್ಟದೆ ಜಂಘೆಯಿಂದ ಹುಟ್ಟಿತೆಂಬುದನ್ನು ಗಮನಿಸಬೇಕು.

ಜಂಘೆಯ ಹಿಂಬದಿಯ ಮಾಂಸಲ ಭಾಗಕ್ಕೆ ಸಂಸ್ಕೃತದಲ್ಲಿ ಪಿಂಡಿಕಾ ಎಂದೂ ಕನ್ನಡದಲ್ಲಿ ಮೀನಖಂಡವೆಂದೂ ಹೆಸರು. ಮೇಲೆ ಮೀನಿನ ಹೊಟ್ಟೆಯಂತೆ ಉಬ್ಬಿ, ಕೆಳಗೆ ಬಾಲದಂತೆ ಕಿರಿದಾಗುವ ಅದರ ಆಕಾರವನ್ನು ಕಂಡವರಿಗೆ ಈ ಹೆಸರಿನ ಔಚಿತ್ಯವನ್ನು ವಿವರಿಸಬೇಕಾಗಿಲ್ಲ. ಪಾಶ್ಚಾತ್ಯ ವೈದ್ಯರು ಇದರೊಳಗೆ ಮುಖ್ಯವಾಗಿ ಎರಡು ಸ್ನಾಯುಗಳನ್ನು ಗುರುತಿಸುತ್ತಾರೆ. ಹೊರಗಿನದು ಗ್ಯಾಸ್ಟ್ರೊಕ್ನೀಮಿಯಸ್, ಗ್ರೀಕ್ ಭಾಷೆಯಲ್ಲಿ ಅದಕ್ಕೆ ಕಾಲಿನ ಹೊಟ್ಟೆಯೆಂದರ್ಥ. ಅದರಡಿಯಲ್ಲಿ ಅಡಗಿರುವುದು ಸೋಲಿಯಸ್. ಲ್ಯಾಟಿನ್ನಿನಲ್ಲಿ ಅದರ ಮೂಲಶಬ್ದಕ್ಕೆ ಪಾದರಕ್ಷೆಯೆಂದೂ, ನಮ್ಮ ಕರಾವಳಿಯವರು ನಂಗು ಎನ್ನುವಂತಹ ಚಪ್ಪಟೆ ಮೀನೆಂದೂ ಎರಡರ್ಥಗಳು. ಸಾವಿರಾರು ಹರಿದಾರಿ ದೂರದ ಎರಡು ಜನಾಂಗಗಳು ಕಾಲಿನ ಹಿಂಬದಿಯಲ್ಲಿ ಮೀನನ್ನೇ ಕಂಡುದು ಸೋಜಿಗವೇ ಸರಿ.

ಇನ್ನೊಂದು ಶಬ್ದದ ಬಗೆಗೂ ಎಚ್ಚರ ಬೇಕು. ಇಂದಿನ ಪಠ್ಯಪುಸ್ತಕಗಳಲ್ಲಿ ಸ್ನಾಯುವೆಂದರೆ ಮಾಂಸಖಂಡ. ಆದರೆ ಆಯುರ್ವೇದ ಗ್ರಂಥಗಳಲ್ಲಿ ಮಾಂಸಖಂಡಕ್ಕೆ ಪೇಶಿಯೆಂದು ಹೆಸರು. ಸ್ನಾಯುವೆಂದರೆ ಕಟ್ಟಿಹಿಡಿಯುವ ನಾರು. ಈ ಲೇಖನದಲ್ಲಿ ಪಠ್ಯಪುಸ್ತಕಗಳ ರೂಢಿಯನ್ನೇ ಅನುಸರಿಸಿ, ಮಾಂಸಖಂಡಕ್ಕೆ ಸ್ನಾಯುವೆಂದೂ ಅದನ್ನು ಎಲುಬಿಗೆ ಬಿಗಿಯುವ ನಾರಿಗೆ ಸ್ನಾಯುರಜ್ಜುವೆಂದೂ ಹೇಳಿದೆ.

ಪ್ರಾಚೀನರ ಎಣಿಕೆ

ಸುಶ್ರುತಸಂಹಿತೆಯ ಶಾರೀರಸ್ಥಾನದಲ್ಲಿ ಮನುಷ್ಯದೇಹದ ಪೇಶಿಗಳನ್ನು 500 ಎಂದು ಎಣಿಸಲಾಗಿದೆ. ಅವುಗಳಲ್ಲಿ 400 ಕೈಕಾಲುಗಳಲ್ಲಿಯೇ ಇರುವುವು. ಸ್ತ್ರೀಯರಲ್ಲಿ ಇನ್ನೂ 20 ಪೇಶಿಗಳು ಹೆಚ್ಚೆಂದು ಆ ಗ್ರಂಥ ಹೇಳುತ್ತದೆ. ಆದರೆ ಆ ಹೆಚ್ಚಿನವು ಸ್ತನಗಳಿಗೂ ಪ್ರಸವಾಂಗಗಳಿಗೂ ಸೇರಿದುವು. ಕಾಲಿನಲ್ಲಿ ಸ್ತ್ರೀಗೊಂದು ಎಣಿಕೆ, ಪುರುಷನಿಗೊಂದು ಎಣಿಕೆ ಎಂಬುದು ಸುಶ್ರುತನಲ್ಲಿ ಇಲ್ಲ. ಇಂದಿನ ಅಂಗರಚನಾಶಾಸ್ತ್ರದ ಎಣಿಕೆಯ ಕ್ರಮವೇ ಬೇರೆಯಾದರೂ ಈ ಒಂದು ವಿಷಯದಲ್ಲಿ ಅದು ಪ್ರಾಚೀನರೊಡನೆ ಒಪ್ಪುತ್ತದೆ: ಮೀನಖಂಡದ ಸ್ನಾಯುಗಳು ಇಬ್ಬರಲ್ಲಿಯೂ ಅವೇ, ಅವು ಹುಟ್ಟುವ ಎಡೆಯೂ ಸೇರುವ ಎಡೆಯೂ ಅವೇ.

ಜಂಘೆಯ ನಡುವೆ ಇಂದ್ರವಸ್ತಿಯೆಂಬ ಮರ್ಮಸ್ಥಾನವನ್ನು ಸುಶ್ರುತನು ಹೇಳಿದ್ದಾನೆ. ಚರಕನು ವಾತದಿಂದ ಹುಟ್ಟುವ ಎಂಬತ್ತು ವಿಕಾರಗಳ ಪಟ್ಟಿಯಲ್ಲಿ ಪಿಂಡಿಕೋದ್ವೇಷ್ಟನವನ್ನು ಸೇರಿಸಿದ್ದಾನೆ. ಪಿಂಡಿಕೆಯನ್ನು ಹುರಿಯಿಟ್ಟು ತಿರುಚಿದಂತಾಗುವುದು ಎಂದು ಇದರರ್ಥ. ನಡುರಾತ್ರಿಯಲ್ಲಿ ಮೀನಖಂಡ ಸೆಟೆದು ಎದ್ದು ಕುಳಿತವರಿಗೆಲ್ಲ ಆ ಶಬ್ದದ ಯಥಾರ್ಥತೆ ಅನುಭವಸಿದ್ಧವಾಗಿದೆ. ಗರ್ಭಿಣಿಯರಲ್ಲಿ, ವಿಶೇಷವಾಗಿ ಕೊನೆಯ ತಿಂಗಳುಗಳಲ್ಲಿ, ಈ ಸೆಟೆತ ಬಹು ಸಾಮಾನ್ಯ. ಹಿಮ್ಮಡಿಯನ್ನು ನೆಲಕ್ಕೊತ್ತಿ, ಕಾಲ್ಬೆರಳುಗಳನ್ನು ಮೊಣಕಾಲಿನ ಕಡೆಗೆ ಎಳೆದು ಹಿಡಿದರೆ ಅದು ಸಡಿಲುತ್ತದೆ.

ರಚನೆ ಮತ್ತು ಕಾರ್ಯ

ಗ್ಯಾಸ್ಟ್ರೊಕ್ನೀಮಿಯಸ್ ತೊಡೆಯೆಲುಬಿನ ಕೆಳತುದಿಯಿಂದ ಎರಡು ತಲೆಗಳಾಗಿ ಹೊರಟು ಮೊಣಕಾಲನ್ನೂ ಹರಡನ್ನೂ ದಾಟಿ ಇಳಿಯುತ್ತದೆ. ಸೋಲಿಯಸ್ ಮೊಣಕಾಲಿನ ಕೆಳಗಿನಿಂದಲೇ ಹೊರಡುತ್ತದೆ. ಎರಡೂ ಕೂಡಿ ಒಂದೇ ಸ್ನಾಯುರಜ್ಜುವಾಗಿ ಹಿಮ್ಮಡಿಯ ಎಲುಬಿಗೆ ಬಿಗಿಯುತ್ತವೆ. ದೇಹದ ಸ್ನಾಯುರಜ್ಜುಗಳಲ್ಲೆಲ್ಲ ಅತಿ ದಪ್ಪವೂ ಬಲಿಷ್ಠವೂ ಆದ ಇದಕ್ಕೆ ಅಕಿಲಿಸ್ ಎಂಬ ಗ್ರೀಕ್ ವೀರನ ಹೆಸರನ್ನಿಟ್ಟಿದ್ದಾರೆ. ಅವನಿಗೆ ಸಾವು ಹಿಮ್ಮಡಿಯಿಂದ ಬಂದಿತಂತೆ. ನಮ್ಮ ಮೌಸಲಪರ್ವದಲ್ಲಿಯೂ ಕೃಷ್ಣನು ಅಂಗಾಲಿಗೆ ಬಾಣ ತಾಗಿಯೇ ಅವತಾರವನ್ನು ಮುಗಿಸಿದನು.

ಸೋಲಿಯಸ್ಸಿನ ಎಳೆಗಳಲ್ಲಿ ನೂರಕ್ಕೆ ಸುಮಾರು 80 ನಿಧಾನಗತಿಯವು. ಅವು ಬೇಗ ದಣಿಯವು. ನಾವು ಸುಮ್ಮನೆ ನಿಂತಿರುವಾಗ ದೇಹ ಮುಂದಕ್ಕೆ ವಾಲದಂತೆ ಹಿಡಿದಿರುವ ಸ್ನಾಯು ಇದೇ. ಗ್ಯಾಸ್ಟ್ರೊಕ್ನೀಮಿಯಸ್ಸಿನಲ್ಲಿ ನಿಧಾನಗತಿಯ ಎಳೆಗಳೂ ಶೀಘ್ರಗತಿಯ ಎಳೆಗಳೂ ಹೆಚ್ಚುಕಡಿಮೆ ಸಮಪಾಲಾಗಿರುವುವು. ಓಟ, ಜಿಗಿತಗಳಲ್ಲಿ ಅದು ಮುಂದಾಗುತ್ತದೆ. ಒಂದು ಮನೆಯಲ್ಲಿ ದಿನವೆಲ್ಲ ದುಡಿಯುವ ಹಿರಿಯರೂ ಸಮಯಕ್ಕೆ ಹಾರಿಬೀಳುವ ಕಿರಿಯರೂ ಕೂಡಿ ಬಾಳುವಂತೆ ಇವೆರಡೂ ಒಂದೇ ಹಗ್ಗವನ್ನು ಎಳೆಯುತ್ತವೆ.

ನಡಿಗೆಯಲ್ಲಿ ಪಾದ ನೆಲದ ಮೇಲೆ ಊರಿದಾಗ ಜಂಘೆ ಅದರ ಮೇಲೆ ಮುಂದಕ್ಕೆ ಬಾಗುತ್ತದೆ. ಆಗ ಮೀನಖಂಡವು ಕಡಿವಾಣದಂತೆ ಅದನ್ನು ತಡೆಯುತ್ತದೆ, ಸ್ನಾಯುರಜ್ಜು ಹಿಗ್ಗುತ್ತದೆ. ಹಿಮ್ಮಡಿ ಮೇಲೇಳುವ ಗಳಿಗೆಯಲ್ಲಿ ಹಿಗ್ಗಿದ ರಜ್ಜು ಕುಗ್ಗಿ, ತಾನು ಕೂಡಿಟ್ಟ ಶಕ್ತಿಯನ್ನು ಮರಳಿ ಕೊಡುತ್ತದೆ. ಬಿಲ್ಲನ್ನು ಎಳೆದು ಬಿಟ್ಟಂತೆಯೇ ಇದು. ಓಟದಲ್ಲಿ ಈ ರಜ್ಜುವಿನ ಮೇಲೆ ದೇಹತೂಕದ ಆರರಿಂದ ಎಂಟು ಪಟ್ಟಿನಷ್ಟು ಸೆಳೆತ ಬೀಳುತ್ತದೆ. ಕೂಡಿಟ್ಟ ಶಕ್ತಿಯಲ್ಲಿ ಅಲ್ಪಭಾಗ ಮಾತ್ರ ಶಾಖವಾಗಿ ನಷ್ಟವಾಗಿ, ಉಳಿದುದೆಲ್ಲ ಮುಂದಿನ ಹೆಜ್ಜೆಗೆ ಒದಗುತ್ತದೆ. ಮರಳಿನ ಮೇಲೆ ನಡೆಯಲು ಗಟ್ಟಿ ನೆಲಕ್ಕಿಂತ ಎರಡು ಪಟ್ಟಿಗೂ ಮಿಕ್ಕು ಶಕ್ತಿ ತಗಲುವುದಕ್ಕೆ ಕಾರಣಗಳಲ್ಲಿ ಇದೂ ಒಂದು. ಸಡಿಲ ನೆಲವು ಈ ಉಳಿತಾಯವನ್ನು ನುಂಗಿಬಿಡುತ್ತದೆ. ಕಂಬಳದ ಕೆಸರಿನಲ್ಲಿ ಓಡುವವರ ಮೀನಖಂಡ ಕಲ್ಲಿನಂತೆ ಕಡೆದಿರುವುದೇಕೆಂಬುದೂ ಇದರಿಂದ ಊಹಿಸಬಹುದು.

ಮೀನಖಂಡಕ್ಕೆ ಇನ್ನೊಂದು ಕಾರ್ಯವುಂಟು. ಅದು ಕುಗ್ಗಿದಾಗಲೆಲ್ಲ ಒಳಗಿನ ಅಭಿಧಮನಿಗಳನ್ನು ಹಿಂಡಿ ರಕ್ತವನ್ನು ಹೃದಯದ ಕಡೆಗೆ ಏರಿಸುತ್ತದೆ. ಅಲುಗದೆ ನಿಂತಿರುವಾಗ ಹರಡಿನ ಬಳಿಯ ಅಭಿಧಮನಿಗಳಲ್ಲಿ ಒತ್ತಡವು ಸುಮಾರು 90 ಮಿಲಿಮೀಟರ್ ಪಾದರಸದಷ್ಟಿರುತ್ತದೆ. ನಡೆಯತೊಡಗಿದರೆ ಅದು 30ರ ಆಸುಪಾಸಿಗೆ ಇಳಿಯುತ್ತದೆ. ಮೀನಖಂಡವನ್ನು ಎರಡನೆಯ ಹೃದಯವೆಂದು ವೈದ್ಯರು ಕರೆಯುವುದು ಇದರಿಂದಲೇ.

ಭೇದವೆಲ್ಲಿ?

ಇನ್ನು ಪ್ರಕೃತ ವಿಷಯಕ್ಕೆ ಬರೋಣ. ಸ್ನಾಯುಗಳ ಸಂಖ್ಯೆಯಲ್ಲಿ ಭೇದವಿಲ್ಲವೆಂದ ಮೇಲೆ ಭೇದವಿರುವುದು ಗಾತ್ರದಲ್ಲಿ, ಎಳೆಗಳ ಜೋಡಣೆಯಲ್ಲಿ, ರಜ್ಜುವಿನ ಬಿಗುವಿನಲ್ಲಿ.

ಮೊದಲನೆಯದು ಗಾತ್ರ. ಸರಾಸರಿಯಲ್ಲಿ ಪುರುಷನ ಸ್ನಾಯು ದಪ್ಪವಾದುದು. ಅದರ ಎಳೆಗಳು ರಜ್ಜುವಿಗೆ ಹೆಚ್ಚು ಓರೆಯಾಗಿ, ಗರಿಯ ಎಳೆಗಳಂತೆ, ಒತ್ತಾಗಿ ಜೋಡಣೆಗೊಂಡಿರುವುವು. ಒಂದೇ ಎಡೆಯಲ್ಲಿ ಹೆಚ್ಚು ಎಳೆಗಳು ಹಿಡಿಸುವುದರಿಂದ ಒಮ್ಮೆಗೇ ಹೊಮ್ಮುವ ಬಲವು ಅಲ್ಲಿ ಹೆಚ್ಚು. ಸ್ತ್ರೀಯ ಸ್ನಾಯು ತೆಳುವಾದುದು, ಎಳೆಗಳ ಓರೆ ಕಡಿಮೆ. ಆದರೆ ದೇಹತೂಕಕ್ಕೂ ಸ್ನಾಯುವಿನ ಗಾತ್ರಕ್ಕೂ ತಾಳೆ ಹಾಕಿ ನೋಡಿದಾಗ ಈ ಅಂತರವು ಬಹುಮಟ್ಟಿಗೆ ಕುಗ್ಗುತ್ತದೆ. ಅಂದರೆ ಸ್ತ್ರೀಯ ಸ್ನಾಯು ಜಾತಿಯಲ್ಲಿ ದುರ್ಬಲವಲ್ಲ, ಪ್ರಮಾಣದಲ್ಲಿ ಕಿರಿದು.

ಎರಡನೆಯದು ಸ್ನಾಯುರಜ್ಜು. ಜಪಾನಿನ ಕೇತಾರೊ ಕುಬೊ ಮತ್ತು ಅವರ ಸಂಗಡಿಗರು 2003ರಲ್ಲಿ ಪ್ರಕಟಿಸಿದ ಅಳತೆಗಳಂತೆ, ಮೀನಖಂಡದ ರಜ್ಜುವಿನ ಬಿಗುವು ಪುರುಷರಿಗಿಂತ ಸ್ತ್ರೀಯರಲ್ಲಿ ಕಡಿಮೆ. ಹಿಗ್ಗಿ ಕುಗ್ಗುವಾಗ ಶಾಖವಾಗಿ ಕಳೆದುಹೋಗುವ ಶಕ್ತಿಯೂ ಸ್ತ್ರೀಯರಲ್ಲಿ ಕಡಿಮೆ. ಬಿಗಿಯಾದ ಹುರಿ ಬಲವನ್ನು ಥಟ್ಟನೆ ಎಲುಬಿಗೆ ಮುಟ್ಟಿಸುತ್ತದೆ. ಸಡಿಲವಾದ ಹುರಿ ತುಸು ತಡೆದು ಮುಟ್ಟಿಸುತ್ತದೆ, ಆದರೆ ಆಘಾತವನ್ನು ತಾನೇ ನುಂಗಿಕೊಳ್ಳುತ್ತದೆ. ಕ್ಷಣಮಾತ್ರದಲ್ಲಿ ನೆಗೆಯಬೇಕಾದ ಕಡೆ ಮೊದಲನೆಯದು ಮೇಲು. ಹರಡು ಹೆಚ್ಚು ಬಾಗಬೇಕಾದ ಕಡೆ ಎರಡನೆಯದು ಮೇಲು. ಅಕಿಲಿಸ್ ರಜ್ಜು ಆಟದ ನಡುವೆ ಫಟ್ಟನೆ ಹರಿದುಹೋಗುವ ಅಪಘಾತ ಪುರುಷರಲ್ಲಿ ಹಲವು ಪಟ್ಟು ಹೆಚ್ಚು. ಹೆಚ್ಚು ಬಲಕ್ಕೆ ತೆರಬೇಕಾದ ತೆರಿಗೆಯೂ ಅದರಲ್ಲಿ ಸೇರಿರಬಹುದು.

ಮೂರನೆಯದು ದಣಿವು. ತಮ್ಮ ತಮ್ಮ ಶಕ್ತಿಯ ಅರ್ಧಪಾಲನ್ನೋ ಕಾಲುಪಾಲನ್ನೋ ಬಿಡದೆ ಹಿಡಿದು ನಿಲ್ಲಬೇಕೆಂದು ಇಬ್ಬರಿಗೂ ಹೇಳಿದರೆ, ದೇಹದ ಅನೇಕ ಸ್ನಾಯುಗಳಲ್ಲಿ ಸ್ತ್ರೀಯರೇ ಹೆಚ್ಚು ಹೊತ್ತು ನಿಲ್ಲುವರೆಂದು ಪ್ರಯೋಗಗಳು ತೋರಿಸಿವೆ. ವೇಗದ ಚಲನೆಗಳಲ್ಲಿ ಈ ಹಿರಿಮೆ ಕುಗ್ಗುತ್ತದೆ, ಕೆಲವೆಡೆ ಇಲ್ಲವಾಗುತ್ತದೆ.

ನಾಲ್ಕನೆಯದು ನಡೆಯ ರೀತಿ. ಸ್ತ್ರೀಯರ ಹೆಜ್ಜೆ ಸರಾಸರಿಯಲ್ಲಿ ಗಿಡ್ಡ; ನಿಮಿಷಕ್ಕೆ ಹಾಕುವ ಹೆಜ್ಜೆಗಳು ಹೆಚ್ಚು. ಎತ್ತರದಿಂದ ಜಿಗಿದು ನೆಲಕ್ಕೆ ಇಳಿಯುವಾಗ ಸ್ತ್ರೀಯರು ಮುಂಗಾಲನ್ನು ಹೆಚ್ಚು ಚಾಚಿ, ಮೊಣಕಾಲನ್ನು ಕಡಿಮೆ ಮಡಿಸಿ, ಆಘಾತದ ಹೆಚ್ಚಿನ ಪಾಲನ್ನು ಹರಡಿಗೂ ಮೀನಖಂಡಕ್ಕೂ ಒಪ್ಪಿಸುವ ಪ್ರವೃತ್ತಿಯನ್ನು ಹಲವು ಪರೀಕ್ಷೆಗಳಲ್ಲಿ ಕಂಡಿದ್ದಾರೆ. ಇದರ ಪರಿಣಾಮವನ್ನು ಮುಂದೆ ನೋಡೋಣ.

ಇಲ್ಲೆಲ್ಲ ಸರಾಸರಿಯೆಂಬ ಶಬ್ದವನ್ನು ಮತ್ತೆ ಮತ್ತೆ ಬಳಸಿದೆ. ಅದು ಅಲಂಕಾರಕ್ಕಲ್ಲ. ಎರಡು ಗುಂಪುಗಳ ಸರಾಸರಿ ಬೇರೆಯಾದ ಮಾತ್ರಕ್ಕೆ ಒಂದು ಗುಂಪಿನ ಪ್ರತಿಯೊಬ್ಬರೂ ಇನ್ನೊಂದರ ಪ್ರತಿಯೊಬ್ಬರಿಗಿಂತ ಬೇರೆಯಾಗುವುದಿಲ್ಲ. ನಿತ್ಯ ಗುಡ್ಡ ಹತ್ತುವ ಹೆಂಗಸಿನ ಮೀನಖಂಡವು ನಿತ್ಯ ಕುರ್ಚಿಯಲ್ಲಿ ಕುಳಿತಿರುವ ಗಂಡಸಿನದಕ್ಕಿಂತ ಎಲ್ಲ ವಿಧದಲ್ಲಿಯೂ ಮೇಲಾಗಿರಬಲ್ಲುದು.

ಘಟ್ಟದ ಇಳಿಜಾರು, ಕೋಟೆಯ ಮೆಟ್ಟಿಲು

ಈ ವಿಚಾರವನ್ನು ಕಣ್ಣಾರೆ ಕಾಣಬಯಸುವವರಿಗೆ ಬೆಳ್ತಂಗಡಿ ತಾಲೂಕಿನ ಮುಂಡಾಜೆಗಿಂತ ಒಳ್ಳೆಯ ಎಡೆ ವಿರಳ. ಮೂಡಿಗೆರೆಯ ಕಡೆಯಿಂದ ಕೊಟ್ಟಿಗೆಹಾರವನ್ನು ದಾಟಿ ಚಾರ್ಮಾಡಿ ಘಟ್ಟವನ್ನಿಳಿದು, ಕಕ್ಕಿಂಜೆಯನ್ನು ಹಾದು ಉಜಿರೆಯತ್ತ ಸಾಗುವ ಹೆದ್ದಾರಿಯಲ್ಲಿ ಮುಂಡಾಜೆಯಿದೆ. ಮಹಾಶಿವರಾತ್ರಿಯ ಮುನ್ನಾ ದಿನಗಳಲ್ಲಿ ಘಟ್ಟದ ಮೇಲಿನ ಜಿಲ್ಲೆಗಳಿಂದ ಸಾವಿರಾರು ಮಂದಿ ಪಾದಯಾತ್ರಿಗಳು ಈ ದಾರಿಯಲ್ಲಿ ಧರ್ಮಸ್ಥಳಕ್ಕೆ ನಡೆದು ಬರುತ್ತಾರೆ. ಅವರಲ್ಲಿ ಹೆಂಗಸರೂ ಗಂಡಸರೂ ಮುದುಕರೂ ಎಳೆಯರೂ ಇರುತ್ತಾರೆ. ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದ ಮಲೆನಾಡಿನಿಂದ ಕರಾವಳಿಯ ತಪ್ಪಲಿಗೆ ಇಳಿದು ಬಂದವರು ರಸ್ತೆಯ ಬದಿಯಲ್ಲಿ ಕುಳಿತು ಕಾಲು ನೀವಿಕೊಳ್ಳುವುದನ್ನು ಇಲ್ಲಿ ಕಾಣಬಹುದು.

ಹತ್ತುವುದು ಕಷ್ಟ, ಇಳಿಯುವುದು ಸುಲಭವೆಂದು ಉಸಿರು ಹೇಳುತ್ತದೆ. ಕಾಲು ಬೇರೆ ಹೇಳುತ್ತದೆ. ಹತ್ತುವಾಗ ಸ್ನಾಯು ಕುಗ್ಗುತ್ತ ದುಡಿಯುತ್ತದೆ. ಇಳಿಯುವಾಗ ಅದು ಹಿಗ್ಗುತ್ತಲೇ ದೇಹವನ್ನು ತಡೆದು ಹಿಡಿಯಬೇಕಾಗುತ್ತದೆ. ಹೀಗೆ ಹಿಗ್ಗುತ್ತ ದುಡಿಯುವಾಗಲೇ ಎಳೆಗಳಲ್ಲಿ ಸೂಕ್ಷ್ಮವಾದ ಬಿರುಕುಗಳು ಹೆಚ್ಚು. ಅವುಗಳ ನೋವು ಅಂದೇ ತೋರದೆ ಮರುದಿನವೋ ಮೂರನೆಯ ದಿನವೋ ಬಲವಾಗಿ ಕಾಣಿಸಿಕೊಂಡು, ವಾರದೊಳಗೆ ತಾನಾಗಿ ಅಡಗುತ್ತದೆ. ಲ್ಯಾಕ್ಟಿಕ್ ಆಮ್ಲ ಕಾಲಿನಲ್ಲಿ ಉಳಿದುದರಿಂದ ಈ ನೋವೆಂದು ಹೇಳುವುದು ಸರಿಯಲ್ಲ. ಆ ಆಮ್ಲವು ವಿಶ್ರಾಂತಿಯಾದ ಒಂದೆರಡು ಗಂಟೆಗಳೊಳಗೇ ರಕ್ತದಿಂದ ಕಳೆದುಹೋಗಿರುತ್ತದೆ.

ಇಳಿಜಾರು ರಸ್ತೆಗೂ ಮೆಟ್ಟಿಲಿಗೂ ಭೇದವುಂಟು. ರಸ್ತೆಯಲ್ಲಿ ಹಿಮ್ಮಡಿ ಮೊದಲು ಊರುವುದರಿಂದ ಹೆಚ್ಚಿನ ಭಾರ ತೊಡೆಯ ಮುಂಭಾಗದ ಸ್ನಾಯುಗಳ ಮೇಲೆ ಬೀಳುತ್ತದೆ. ಮೀನಖಂಡ ಅವಕ್ಕೆ ಜೊತೆ ಕೊಡುತ್ತದೆ. ಮೆಟ್ಟಿಲಿಳಿಯುವಾಗ ಮುಂಗಾಲು ಮೊದಲು ಊರುತ್ತದೆ. ಬೀಳುವ ಭಾರವನ್ನು ಮೊದಲು ಹಿಡಿಯುವುದು ಮೀನಖಂಡವೇ. ಬೆಳ್ತಂಗಡಿಯ ಸಮೀಪದಲ್ಲಿ ಗಡಾಯಿಕಲ್ಲಿನ ಮೇಲೆ ಟಿಪ್ಪು ಸುಲ್ತಾನನು 1794ರಲ್ಲಿ ಕಟ್ಟಿಸಿದ ಜಮಲಾಬಾದ್ ಕೋಟೆಗೆ 1,800ಕ್ಕೂ ಹೆಚ್ಚು ಮೆಟ್ಟಿಲುಗಳಿವೆ. ಅವನ್ನು ಹತ್ತಿದ ದಿನ ಉಸಿರು ಬಳಲುವುದು. ಇಳಿದ ಮರುದಿನ ಮೀನಖಂಡ ಬಳಲುವುದು.

ಇಂತಹ ಇಳಿತದಲ್ಲಿ ಗಿಡ್ಡ ಹೆಜ್ಜೆಯೇ ಲೇಸು. ಹೆಜ್ಜೆ ಉದ್ದವಾದಷ್ಟೂ ಪ್ರತಿ ಹೆಜ್ಜೆಯ ಆಘಾತ ಹೆಚ್ಚುವುದು. ಅಬಲೆಯ ನಡೆಯೆಂದು ಜನ ಎಣಿಸುವ ಗಿಡ್ಡ ಹೆಜ್ಜೆ ಘಟ್ಟದ ದಾರಿಯಲ್ಲಿ ಬುದ್ಧಿವಂತನ ನಡೆಯಾಗುತ್ತದೆ. ಯಾತ್ರೆಗೆ ಹೊರಡುವ ಮೂರು ನಾಲ್ಕು ವಾರ ಮೊದಲೇ ಸಣ್ಣ ಇಳಿಜಾರುಗಳಲ್ಲಿ ನಡೆದು ರೂಢಿಮಾಡಿಕೊಂಡವರಿಗೆ, ಗಂಡಾಗಲಿ ಹೆಣ್ಣಾಗಲಿ, ನೋವು ಬಹಳ ಕಡಿಮೆ. ಒಂದು ಎಚ್ಚರಿಕೆ ಮಾತ್ರ ಅಗತ್ಯ. ಒಂದೇ ಕಾಲಿನ ಮೀನಖಂಡ ಊದಿ, ಬಿಸಿಯಾಗಿ, ಕೆಂಪಾಗಿ ನೋಯುತ್ತಿದ್ದರೆ ಅದನ್ನು ನಡಿಗೆಯ ನೋವೆಂದು ತಿಕ್ಕಕೂಡದು. ಒಳಗಿನ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಒಡನೆಯೇ ವೈದ್ಯರಿಗೆ ತೋರಿಸಬೇಕು.

ದುಡಿಮೆ ಕೊಟ್ಟ ಭೇದ

ಹುಟ್ಟಿನ ಭೇದಕ್ಕಿಂತ ದುಡಿಮೆಯ ಭೇದವು ಕಾಲನ್ನು ಹೆಚ್ಚು ರೂಪಿಸುತ್ತದೆಂಬುದಕ್ಕೆ ಈ ಸೀಮೆಯೇ ಸಾಕ್ಷಿ. ಕಾಲಿಗೆ ತಳೆ ಹಾಕಿ ಅಡಿಕೆಮರವೇರುವ ಕೆಲಸ ಗಂಡಸರದಾಗಿ ಬಂದಿತು. ಕೆಸರುಗದ್ದೆಯಲ್ಲಿ ಬೆನ್ನು ಬಾಗಿಸಿ ನಾಟಿ ಮಾಡುವ ಕೆಲಸ ಹೆಂಗಸರದಾಯಿತು. ಮೊದಲನೆಯದು ಮೀನಖಂಡಕ್ಕೆ ನೆಗೆತವನ್ನು ಕಲಿಸಿತು, ಎರಡನೆಯದು ತಾಳಿಕೆಯನ್ನು ಕಲಿಸಿತು. ಮುಂದೆ ಬಂಟ್ವಾಳ, ಬೆಳ್ತಂಗಡಿ ತಾಲೂಕುಗಳ ಮನೆಮನೆಗಳಲ್ಲಿ ಬೀಡಿ ಕಟ್ಟುವ ಕಸುಬು ಹರಡಿತು. ಎಷ್ಟೋ ಮನೆಗಳ ಮಕ್ಕಳು ಆ ದುಡ್ಡಿನಿಂದಲೇ ಓದಿದರು. ಆದರೆ ತಾಯಂದಿರು ಮೊರವನ್ನು ಮಡಿಲಲ್ಲಿಟ್ಟುಕೊಂಡು ಹೊತ್ತು ಹೊತ್ತು ಅಲುಗದೆ ಕುಳಿತರು. ಎರಡನೆಯ ಹೃದಯವು ಅಷ್ಟು ಕಾಲ ಬಡಿತ ನಿಲ್ಲಿಸಿದಂತಾಯಿತು. ಕಾಲು ಊದುವುದು, ಅಭಿಧಮನಿಗಳು ಗಂಟುಗಂಟಾಗಿ ಉಬ್ಬುವುದು ಬಸುರಿತನದಿಂದಲೂ ಬಹುಕಾಲ ನಿಂತೋ ಕುಳಿತೋ ಮಾಡುವ ಕೆಲಸದಿಂದಲೂ ಹೆಚ್ಚುವ ತೊಂದರೆಗಳು. ಅವನ್ನು ಹೆಣ್ಣುಜನ್ಮದ ಹಣೆಬರಹವೆಂದು ಬಗೆಯುವುದು ತಪ್ಪು. ಅರ್ಧ ಗಂಟೆಗೊಮ್ಮೆ ಎದ್ದು ಅಂಗಳದಲ್ಲಿ ನಾಲ್ಕು ಹೆಜ್ಜೆ ನಡೆದರೆ, ಕುಳಿತಲ್ಲಿಯೇ ಹಿಮ್ಮಡಿಯನ್ನು ಇಪ್ಪತ್ತು ಸಲ ಎತ್ತಿ ಇಳಿಸಿದರೆ, ಆ ಹೃದಯ ಮತ್ತೆ ಬಡಿಯುತ್ತದೆ.

ಪಟ್ಟಣದ ಉಡುಗೆಯೂ ಕಾಲನ್ನು ಮಾರ್ಪಡಿಸುತ್ತದೆ. ವರ್ಷಗಟ್ಟಲೆ ಎತ್ತರದ ಹಿಮ್ಮಡಿಯ ಪಾದರಕ್ಷೆಗಳನ್ನು ತೊಟ್ಟ ಸ್ತ್ರೀಯರ ಮೀನಖಂಡವನ್ನು ವಿಜ್ಞಾನಿಗಳು ಅಳೆದು 2010ರಲ್ಲಿ ಪ್ರಕಟಿಸಿದ ಫಲಿತಾಂಶದಲ್ಲಿ, ಅವರ ಸ್ನಾಯುವಿನ ಎಳೆಗಳು ಗಿಡ್ಡವಾಗಿ, ಅಕಿಲಿಸ್ ರಜ್ಜು ದಪ್ಪನಾಗಿ ಬಿಗಿದುದು ಕಂಡುಬಂದಿತು. ಸ್ತ್ರೀಯರ ರಜ್ಜು ಸಡಿಲವೆಂದು ಮೇಲೆ ಹೇಳಿದೆಯಷ್ಟೆ. ಪಾದರಕ್ಷೆಯೊಂದೇ ಅದನ್ನು ಬಿಗಿಗೊಳಿಸಬಲ್ಲುದಾದರೆ, ಅಭ್ಯಾಸದ ಬಲ ಎಷ್ಟೆಂಬುದು ಸ್ಪಷ್ಟ. ನಮ್ಮ ಹಿರಿಯರು ಹಿಮ್ಮಡಿ ಊರಿ ಕುಕ್ಕರಗಾಲಿನಲ್ಲಿ ಕುಳಿತು ಕೆಲಸ ಮಾಡುತ್ತಿದ್ದುದು ಹರಡನ್ನು ಮುಪ್ಪಿನವರೆಗೂ ಮೃದುವಾಗಿ ಇರಿಸುತ್ತಿದ್ದಿತು. ಇಂದು ಹತ್ತನೆಯ ತರಗತಿಯ ಹುಡುಗರಲ್ಲಿಯೂ ಹಾಗೆ ಕೂರಲಾರದವರು ಇದ್ದಾರೆ.

ಶಾಲೆಯ ಅಂಗಳದಲ್ಲಿ

ಹಾಗಾದರೆ ಶಾಲೆಯಲ್ಲಿ ನಾವು ಮಾಡಬೇಕಾದುದೇನು?

ಹನ್ನೆರಡು ವರ್ಷದವರೆಗೆ ಹುಡುಗ ಹುಡುಗಿಯರ ಓಟದಲ್ಲಿಯೂ ಜಿಗಿತದಲ್ಲಿಯೂ ಅಂತರ ಅತ್ಯಲ್ಪ. ಪ್ರಾಥಮಿಕ ಶಾಲೆಯ ಹುಡುಗಿಗೆ ಬೇರೆ ಅಳತೆಯ ಅಗತ್ಯವಿಲ್ಲ. ಯೌವನಾರಂಭದಲ್ಲಿ ಟೆಸ್ಟೋಸ್ಟಿರೋನ್ ಎಂಬ ರಸವು ಹುಡುಗರಲ್ಲಿ ಹೆಚ್ಚಿದಾಗ ಸ್ನಾಯುವಿನ ಗಾತ್ರ ಬೆಳೆದು ಅಂತರ ತೋರುತ್ತದೆ. 100 ಮೀಟರ್ ಓಟದ ವಿಶ್ವದಾಖಲೆ ಪುರುಷರಲ್ಲಿ 9.58 ಸೆಕೆಂಡು, ಸ್ತ್ರೀಯರಲ್ಲಿ 10.49 ಸೆಕೆಂಡು, ಅಂತರ ನೂರಕ್ಕೆ ಹತ್ತಕ್ಕಿಂತ ಕಡಿಮೆ. ಆದುದರಿಂದ ಪ್ರೌಢಶಾಲೆಯಲ್ಲಿ ಸ್ಪರ್ಧೆಗಳು ಬೇರೆಯಾಗಿರುವುದು ನ್ಯಾಯವೇ. ಆದರೆ ಅಭ್ಯಾಸವನ್ನು ಕಡಿಮೆ ಮಾಡುವುದು ನ್ಯಾಯವಲ್ಲ. ಸರಿಯಾಗಿ ಯಾವ ವಯಸ್ಸಿನಲ್ಲಿ ಹುಡುಗಿಯ ಕಾಲಿಗೆ ವಿಶೇಷ ಶಿಕ್ಷಣ ಬೇಕೋ ಅದೇ ವಯಸ್ಸಿನಲ್ಲಿ ಅವಳು ಬಯಲಿನಿಂದ ಹಿಂದೆ ಸರಿಯುವಂತಾಗಿದೆ.

ಇದು ನಮ್ಮಲ್ಲಿ ಮಾತ್ರ ನಡೆದುದಲ್ಲ. 1928ರ ಆಮ್ಸ್ಟರ್‌ಡ್ಯಾಮ್ ಒಲಿಂಪಿಕ್ ಕೂಟದಲ್ಲಿ ಸ್ತ್ರೀಯರು 800 ಮೀಟರ್ ಓಡಿದ ಬಳಿಕ, ಅವರು ಬಳಲಿದರೆಂಬ ನೆಪದಿಂದ ಆ ಓಟವನ್ನು ತೆಗೆದುಹಾಕಿದರು. ಅದು ಮರಳಿ ಬಂದುದು 1960ರಲ್ಲಿ. ಸ್ತ್ರೀಯರಿಗೆ ಒಲಿಂಪಿಕ್ ಮ್ಯಾರಥಾನ್ ಓಟ ದೊರೆತುದು 1984ರಲ್ಲಿ. ಅದೇ ಕೂಟದಲ್ಲಿ ಕೇರಳದ ಪಿ.ಟಿ. ಉಷಾ 400 ಮೀಟರ್ ಹರ್ಡಲ್ಸ್‌ನಲ್ಲಿ ಸೆಕೆಂಡಿನ ನೂರನೆಯ ಒಂದು ಭಾಗದಿಂದ ಪದಕ ಕಳೆದುಕೊಂಡರು. ದಕ್ಷಿಣ ಕನ್ನಡ ಜಿಲ್ಲೆಯವರೇ ಆದ ಸಹನಾ ಕುಮಾರಿಯವರು 2012ರಲ್ಲಿ 1.92 ಮೀಟರ್ ಎತ್ತರ ಜಿಗಿದು ರಾಷ್ಟ್ರೀಯ ದಾಖಲೆ ಸ್ಥಾಪಿಸಿ, ಲಂಡನ್ ಒಲಿಂಪಿಕ್ ಕೂಟದಲ್ಲಿ ಭಾಗವಹಿಸಿದರು. "ಇಷ್ಟು ಸಾಕು" ಎಂಬ ಮಾತನ್ನು ಅವರಿಗೆ ಯಾರಾದರೂ ಹೇಳಿದ್ದು ಅವರು ಕೇಳಿದ್ದರೆ, ಆ ಎತ್ತರ ನಮ್ಮ ಜಿಲ್ಲೆಗೆ ಲಭಿಸುತ್ತಿರಲಿಲ್ಲ.

ವ್ಯಾಯಾಮ ಶಿಕ್ಷಕರ ಗಮನಕ್ಕೆ ಮೂರು ಸಂಗತಿಗಳನ್ನು ತರಬಯಸುತ್ತೇನೆ.

ಒಂದು: ಜಿಗಿದು ಇಳಿಯುವುದನ್ನು ಕಲಿಸಬೇಕು. ಮೊಣಕಾಲನ್ನು ಮಡಿಸದೆ ನೆಟ್ಟಗೆ ಇಳಿಯುವ ರೂಢಿಯಿಂದ ಮೊಣಕಾಲಿನೊಳಗಿನ ಕಟ್ಟುನಾರು ಹರಿಯುವ ಅಪಾಯವುಂಟು. ನೆಗೆತವೂ ಥಟ್ಟನೆ ತಿರುಗುವಿಕೆಯೂ ಇರುವ ಆಟಗಳಲ್ಲಿ ಈ ಪೆಟ್ಟು ಹುಡುಗರಿಗಿಂತ ಹುಡುಗಿಯರಿಗೆ ಎರಡು ಪಟ್ಟಿಗೂ ಮಿಕ್ಕು ಹೆಚ್ಚೆಂದು ಕ್ರೀಡಾವೈದ್ಯರು ಹೇಳುತ್ತಾರೆ. ವಾಲಿಬಾಲ್, ತ್ರೋಬಾಲ್, ಕಬಡ್ಡಿಗಳಿಗೆ ಮೊದಲು ಹತ್ತು ಹದಿನೈದು ನಿಮಿಷ ಮೊಣಕಾಲು ಮಡಿಸಿ ಮೆತ್ತಗೆ ಇಳಿಯುವ ಅಭ್ಯಾಸ ಮಾಡಿಸಿದರೆ ಈ ಅಪಾಯ ಬಹಳ ಮಟ್ಟಿಗೆ ತಗ್ಗುತ್ತದೆ.

ಎರಡು: ಮೀನಖಂಡದ ಬಲವನ್ನು ಅಳೆಯಲು ಯಂತ್ರ ಬೇಡ. ಗೋಡೆಗೆ ಬೆರಳು ತಾಗಿಸಿ ಒಂಟಿಕಾಲಿನಲ್ಲಿ ನಿಂತು, ಹಿಮ್ಮಡಿಯನ್ನು ಪೂರ್ತಿ ಎತ್ತಿ ಇಳಿಸಬೇಕು. ಆರೋಗ್ಯವಂತರಾದ ವಯಸ್ಕರಿಗೆ, ಸ್ತ್ರೀ ಪುರುಷ ಭೇದವಿಲ್ಲದೆ, 25 ಸಲವೆಂಬುದು ಬಹುಕಾಲದಿಂದ ಬಂದ ಮಾನದಂಡ. ವಯಸ್ಸಾದಂತೆ ಸಂಖ್ಯೆ ಇಳಿಯುವುದು ಸಹಜ. ಮಗು ತನ್ನ ಕಳೆದ ತಿಂಗಳ ಸಂಖ್ಯೆಯೊಡನೆ ಈ ತಿಂಗಳ ಸಂಖ್ಯೆಯನ್ನು ಹೋಲಿಸಿಕೊಳ್ಳಲಿ. ನೆರೆಯವನ ಸಂಖ್ಯೆಯೊಡನೆ ಬೇಡ. ಮನೆಯಲ್ಲಿ ಅಜ್ಜ ಅಜ್ಜಿಯರಿಗೂ ಇದನ್ನು ಕಲಿಸಲಿ. ಮುಪ್ಪಿನಲ್ಲಿ ಎಡವಿದಾಗ ಬೀಳದಂತೆ ಹಿಡಿಯುವ ಸ್ನಾಯುಗಳಲ್ಲಿ ಮೀನಖಂಡವೇ ಮುಂದಿನದು.

ಮೂರು: ಕಾಲು ಸೋತಾಗ ಕಾಲನ್ನೇ ದೂರಬಾರದು, ರಕ್ತವನ್ನೂ ನೋಡಬೇಕು. 2019ರಿಂದ 2021ರವರೆಗೆ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ನಮ್ಮ ದೇಶದಲ್ಲಿ 15ರಿಂದ 19 ವರ್ಷದ ಹುಡುಗಿಯರಲ್ಲಿ ನೂರಕ್ಕೆ 59 ಮಂದಿಗೆ ರಕ್ತಹೀನತೆಯಿದೆ. 15ರಿಂದ 49 ವರ್ಷದ ಪುರುಷರಲ್ಲಿ ಈ ಪ್ರಮಾಣ ನೂರಕ್ಕೆ 25. ಸ್ನಾಯು ಎಷ್ಟೇ ಚೆನ್ನಾಗಿರಲಿ, ಅದಕ್ಕೆ ಆಮ್ಲಜನಕವನ್ನು ಹೊತ್ತು ತರುವ ರಕ್ತವೇ ಬಡವಾದರೆ ಅದು ಏನು ಮಾಡೀತು? ಹುಡುಗಿ ಓಟದ ನಡುವೆ ಕುಳಿತುಬಿಟ್ಟರೆ ಅದು ಹೆಣ್ಣುಕಾಲಿನ ದೌರ್ಬಲ್ಯವೆಂದು ತೀರ್ಪು ಕೊಡುವ ಮೊದಲು, ಅವಳ ತಟ್ಟೆಯಲ್ಲಿ ಸೊಪ್ಪು, ಕಾಳು, ಬೆಲ್ಲ ಇದ್ದುವೇ ಎಂದು ಕೇಳಬೇಕು. ಶಾಲೆಯಲ್ಲಿ ಕೊಡುವ ಕಬ್ಬಿಣಾಂಶದ ಮಾತ್ರೆಯನ್ನು ಅವಳು ನುಂಗಿದಳೇ ಎಂದು ನೋಡಬೇಕು. ಭೇದವೆಂದು ನಾವು ಬಗೆದುದರಲ್ಲಿ ಎಷ್ಟು ಪ್ರಕೃತಿಯದು, ಎಷ್ಟು ಅನ್ನದ್ದು ಎಂಬುದು ಆಗ ತಿಳಿದುಬರುವುದು.

ಉಪಸಂಹಾರ

ಮೇಲಣ ವಿಚಾರದ ಸಾರವಿಷ್ಟು. ಮೀನಖಂಡದ ರಚನೆ ಸ್ತ್ರೀ ಪುರುಷರಲ್ಲಿ ಒಂದೇ. ಪುರುಷನಲ್ಲಿ ಗಾತ್ರವೂ ಬಿಗುವೂ ಹೆಚ್ಚು, ಸ್ತ್ರೀಯಲ್ಲಿ ಬಾಗುವಿಕೆಯೂ ತಾಳಿಕೆಯೂ ಹೆಚ್ಚು. ಇವು ಸರಾಸರಿಯ ಮಾತುಗಳು. ಒಬ್ಬೊಬ್ಬರ ಕಾಲನ್ನು ತಿದ್ದುವುದು ಅವರವರ ದುಡಿಮೆ, ಅಭ್ಯಾಸ, ಆಹಾರ.

ವಿದ್ಯಾಸಂಸ್ಥೆಗೆ ಉದಾರವಾಗಿ ನೆರವಾಗುವ ಮಹನೀಯರು ಕಟ್ಟಡಗಳಿಗೂ ಗ್ರಂಥಗಳಿಗೂ ದಾನ ನೀಡುತ್ತ ಬಂದಿದ್ದಾರೆ. ಅದರೊಡನೆ ಹುಡುಗಿಯರಿಗೂ ಸಮಪಾಲಿನ ಹೊತ್ತು ದೊರೆಯುವ ಒಂದು ಸಮತಟ್ಟಾದ ಬಯಲು, ಅವರ ಕಾಲಿಗೊಪ್ಪುವ ಒಂದು ಜೊತೆ ಒಳ್ಳೆಯ ಪಾದರಕ್ಷೆ, ಮಧ್ಯಾಹ್ನದ ಊಟದಲ್ಲಿ ಒಂದು ಹಿಡಿ ಕಾಳು ಇವುಗಳ ಕಡೆಗೂ ಅವರ ದೃಷ್ಟಿ ಹರಿಯಲಿ. ಜಂಘಾಬಲವು ಉಡುಗುವುದನ್ನು ಹೇಳಲು ನಮ್ಮ ಭಾಷೆಯಲ್ಲಿ ನುಡಿಗಟ್ಟುಂಟು. ಅದು ಬೆಳೆಯುವುದನ್ನು ಹೇಳುವ ನುಡಿಗಟ್ಟು ಇನ್ನೂ ಹುಟ್ಟಬೇಕಾಗಿದೆ. ಅದು ನಮ್ಮ ಶಾಲೆಯ ಬಯಲಿನಲ್ಲಿಯೇ ಹುಟ್ಟಲೆಂದು ಹಾರೈಸಿ ವಿರಮಿಸುತ್ತೇನೆ.